ತೊಳೆದ ಸ್ಪಂಜು

ಬೋಧನಾಭ್ಯಾಸದ ಎರಡನೆಯ ವಾರ. ಮೊಳಕಾಲ್ಮೂರಿನ ಪ್ರೌಢಶಾಲೆಯೊಂದರಲ್ಲಿ ಎಂಟನೇ ತರಗತಿಗೆ ಸೂಕ್ಷ್ಮಜೀವಿಗಳ ಪಾಠ ಮಾಡಬೇಕಿತ್ತು. ಸಾರಜನಕ ಚಕ್ರಕ್ಕೆ ಕಲಿಕೋಪಕರಣ ಹುಡುಕುವಾಗ ಚಳ್ಳಕೆರೆಯ ನಮ್ಮ ಮನೆಯ ಅಕ್ವೇರಿಯಂ ನೆನಪಾಯಿತು. ಅದರಲ್ಲಿ ಸುಮಾರು 50 ಲೀಟರ್ ನೀರು, ನಾಲ್ಕು ಗೋಲ್ಡ್‌ಫಿಶ್. ಹಿಂದಿನ ಗಾಜಿಗೆ ತೂಗುಹಾಕಿದ್ದ ಫಿಲ್ಟರ್ ಗಂಟೆಗೆ 250 ಲೀಟರ್ ನೀರು ಎತ್ತುತ್ತದೆ. ತೊಟ್ಟಿಯ ನೀರು ಗಂಟೆಗೆ ನಾಲ್ಕೈದು ಸಲವಾದರೂ ಫಿಲ್ಟರಿನಲ್ಲಿ ಹಾದುಬರಬೇಕೆಂಬ ಲೆಕ್ಕ ಹಾಕಿಯೇ ಅದನ್ನು ಕೊಂಡಿದ್ದೆ.

ಬ್ಯಾಕ್ಟೀರಿಯಾ ನೆಲೆಸುವ ಜಾಗವೆಂದು ತೋರಿಸಲು ಆ ಫಿಲ್ಟರಿನ ಸ್ಪಂಜನ್ನು ತೆಗೆದೆ. ಕಂದು ಲೋಳೆ ಹಿಡಿದಿತ್ತು. ಪಾಠ ವೀಕ್ಷಣೆಗೆ ಮೇಲ್ವಿಚಾರಕರು ಬರುವವರಿದ್ದರು. ಇಂಥ ಕೊಳೆಯನ್ನು ಮೇಜಿನ ಮೇಲಿಡುವುದು ಹೇಗೆ? ನಲ್ಲಿಯ ಕೆಳಗೆ ಹಿಡಿದು ಹಿಂಡಿ ಹಿಂಡಿ ತೊಳೆದು, ತಾರಸಿಯ ಬಿಸಿಲಿನಲ್ಲಿ ಒಣಗಿಸಿ ಚೀಲಕ್ಕೆ ಹಾಕಿಕೊಂಡೆ. ಸ್ಪಂಜಿಲ್ಲದ ಫಿಲ್ಟರ್ ಏಕೆಂದು ಸ್ವಿಚ್ಚನ್ನೂ ಆರಿಸಿದೆ.

ಪಾಠ ಚೆನ್ನಾಗಿಯೇ ಸಾಗಿತ್ತು. ಮೀನಿನ ತ್ಯಾಜ್ಯದಿಂದ ಅಮೋನಿಯಾ, ಅದರಿಂದ ನೈಟ್ರೈಟ್, ನೈಟ್ರೈಟಿನಿಂದ ನೈಟ್ರೇಟ್ ಎಂದು ಹಲಗೆಯ ಮೇಲೆ ಬರೆದೆ. ಮೊದಲೆರಡು ಮೀನಿಗೆ ವಿಷ, ಕೊನೆಯದು ಅಷ್ಟು ಅಪಾಯಕಾರಿಯಲ್ಲ, ಈ ಬದಲಾವಣೆ ಮಾಡುವ ಬ್ಯಾಕ್ಟೀರಿಯಾ ಇದರಲ್ಲಿವೆ ಎಂದು ಸ್ಪಂಜನ್ನು ಎತ್ತಿ ಹಿಡಿದೆ. ಎರಡನೇ ಬೆಂಚಿನ ಹುಡುಗಿ ಅದನ್ನು ಮುಟ್ಟಿ ನೋಡಿ ಕೇಳಿದಳು: “ಮಿಸ್, ಇದು ಒಣಗೈತಲ್ಲ, ಅವು ಸತ್ತೋಗಿರಲ್ವಾ?”

“ಅದನ್ನು ಮುಂದಿನ ತರಗತಿಯಲ್ಲಿ ನೋಡೋಣ” ಎಂದೆ. ವೀಕ್ಷಣಾ ಹಾಳೆಯಲ್ಲಿ ಕಲಿಕೋಪಕರಣ ಅಚ್ಚುಕಟ್ಟಾಗಿತ್ತು ಎಂಬ ಷರಾ ಬಂತು.

ಸಂಜೆ ಮನೆಗೆ ಬಂದಾಗ ಅಮ್ಮ, “ಮೀನೆಲ್ಲ ಮೇಲಕ್ಕೆ ಬಂದು ಬಾಯಿ ಬಿಡ್ತಾವೆ ಕಣೇ” ಎಂದರು. ಸ್ಪಂಜು ಹಾಕಿ ಸ್ವಿಚ್ಚು ಒತ್ತಿದೆ. ಅರ್ಧ ಗಂಟೆಯಲ್ಲಿ ಮೀನುಗಳು ಕೆಳಗಿಳಿದವು. ಎಲ್ಲ ಸರಿಹೋಯಿತೆಂದು ಮಲಗಿದೆ. ಮೂರನೆಯ ದಿನ ಎರಡು ಮೀನು ಸತ್ತವು. ನೀರು ಮಾತ್ರ ಕನ್ನಡಿಯಂತಿತ್ತು.

ಅಮೋನಿಯಾ ಅಳೆಯುವ ಕಿಟ್ ನನ್ನಲ್ಲಿರಲಿಲ್ಲ, ಆದರೆ ಬೇರೆ ಕಾರಣ ನನಗೆ ತೋಚಲಿಲ್ಲ. ಫಿಲ್ಟರ್ ಎರಡು ಕೆಲಸ ಮಾಡುತ್ತಿತ್ತು. ಒಂದು, ನೀರನ್ನು ಚಲಿಸುವಂತೆ ಮಾಡಿ ತಳದ ನೀರನ್ನು ಗಾಳಿಗೆ ಒಡ್ಡುವುದು. ಇದು ಸ್ವಿಚ್ಚು ಹಾಕಿದೊಡನೆ ಮರಳಿತು. ಇನ್ನೊಂದು ಬ್ಯಾಕ್ಟೀರಿಯಾಗಳದು, ಅವು ಮತ್ತೆ ನೆಲೆಯೂರಲು ವಾರಗಳೇ ಬೇಕು. ನಲ್ಲಿಯ ಕ್ಲೋರಿನ್ ಮತ್ತು ಚಳ್ಳಕೆರೆಯ ಬಿಸಿಲು ಸೇರಿ ಅವನ್ನು ಮುಗಿಸಿದ್ದವು. ತಿಳಿನೀರೆಲ್ಲ ಶುದ್ಧ ನೀರಲ್ಲ.

ಉಳಿದೆರಡು ಮೀನುಗಳಿಗಾಗಿ ಆಹಾರ ಕಡಿಮೆ ಮಾಡಿ, ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟ ನೀರಿನಿಂದ ದಿನವೂ ಕಾಲುಭಾಗ ನೀರು ಬದಲಿಸಿದೆ. ಹಳೆಯ ಫಿಲ್ಟರಿನ ಜೊತೆಗೆ ಏರ್ ಪಂಪಿನಿಂದ ನಡೆಯುವ ಜೋಡಿ ಸ್ಪಂಜಿನ ಫಿಲ್ಟರ್ ತಂದೆ. ಅದು ಅಗ್ಗ, ಒಂದು ಸ್ಪಂಜು ತೊಳೆದಾಗ ಇನ್ನೊಂದರಲ್ಲಿ ಬ್ಯಾಕ್ಟೀರಿಯಾ ಉಳಿದಿರುತ್ತವೆ, ಕರೆಂಟು ಹೋದರೆ ಬ್ಯಾಟರಿ ಪಂಪಿಗೆ ಜೋಡಿಸಬಹುದು. ಹಳೆಯ ಫಿಲ್ಟರಿನ ಹರಿವು ತಲುಪದೆ ಆಹಾರದ ಚೂರು ಕೂರುತ್ತಿದ್ದ ಎದುರು ಮೂಲೆಯಲ್ಲಿ ಅದನ್ನಿಟ್ಟೆ. ಈಗ ಸ್ಪಂಜನ್ನು ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ ಮೆಲ್ಲಗೆ ಅದುಮುತ್ತೇನೆ, ಅಷ್ಟೆ.

ಮುಂದಿನ ವಾರ ಅದೇ ತರಗತಿಗೆ ಒಂದು ಪ್ಲಾಸ್ಟಿಕ್ ಡಬ್ಬಿ ಮತ್ತು ಬ್ಯಾಟರಿ ಪಂಪು ಒಯ್ದೆ. ನೀರು ತುಂಬಿದ ಡಬ್ಬಿಯ ತಳಕ್ಕೆ ಡ್ರಾಪರಿನಿಂದ ಒಂದು ಹನಿ ಶಾಯಿ ಬಿಟ್ಟಾಗ ಅದು ಅಲ್ಲೇ ಕುಳಿತಿತ್ತು. ಪಂಪು ಹಾಕಿದೊಡನೆ ಗುಳ್ಳೆಗಳ ಜೊತೆ ಮೇಲೇರಿ, ಮೇಲ್ಮೈಯಲ್ಲಿ ಹರಡಿ, ಗೋಡೆಗುಂಟ ಕೆಳಗಿಳಿಯಿತು. “ಗುಳ್ಳೆ ನೀರನ್ನ ಎಳ್ಕೊಂಡು ಹೋಗ್ತೈತೆ” ಎಂದು ಒಬ್ಬ ಕೂಗಿದ. ನಾನು ಪಾಠ ಯೋಜನೆಯಲ್ಲಿ ಬರೆದಿದ್ದ ಮೂರು ಸಾಲಿನ ವಿವರಣೆ ಬೇಕಾಗಲಿಲ್ಲ.

ಆಮೇಲೆ ಆ ಹುಡುಗಿಗೆ, “ನೀನು ಹೇಳಿದ್ದೇ ಸರಿ, ಅವು ಸತ್ತಿದ್ದವು, ನನ್ನ ಎರಡು ಮೀನೂ ಸತ್ತವು” ಎಂದೆ. ತರಗತಿ ಸುಮ್ಮನಾಯಿತು. ನಂತರ ಪ್ರಶ್ನೆಗಳು ಬಂದವು, ಗಂಟೆ ಹೊಡೆಯುವವರೆಗೂ.

ವೀಕ್ಷಣೆಯ ದಿನಕ್ಕೆಂದು ನಾವು ಪ್ರಶಿಕ್ಷಣಾರ್ಥಿಗಳು ಉಪಕರಣಗಳನ್ನು ತೊಳೆದು ಹೊಳಪಿಸುತ್ತೇವೆ. ನಾನು ತೊಳೆದದ್ದು ಪಾಠವನ್ನೇ. ಈ ಸಲ ಮೇಜಿನ ಮೇಲೆ, ತೊಟ್ಟಿಯ ನೀರು ತುಂಬಿದ ಗಾಜಿನ ಜಾಡಿಯಲ್ಲಿ, ಕಂದು ಲೋಳೆ ಹಿಡಿಯತೊಡಗಿದ್ದ ಸ್ಪಂಜಿತ್ತು.