ಚೆಟ್ಟಳ್ಳಿಯ ಹಾದಿ: ಬೀಗ ಹಾಕಿದ ಮನೆ ಯಾರದು?

ಮಡಿಕೇರಿಯಿಂದ ಸಿದ್ದಾಪುರಕ್ಕೆ ಹೋಗುವ ಮಾರ್ಗದಲ್ಲಿ ಚೆಟ್ಟಳ್ಳಿ ಎಂಬ ಊರಿದೆ. ಬೆಟ್ಟದ ತಿರುವುಗಳನ್ನು ಒಂದೊಂದಾಗಿ ಹಿಂದಿಕ್ಕಿ, ಮೀನುಕೊಲ್ಲಿಯ ಕಾಡಿನ ತಂಪನ್ನು ಹಾದು, ಕಾಫಿ ತೋಟಗಳ ನಡುವೆ ಇಳಿಯುವ ದಾರಿ ಅದು. ಇಬ್ಬದಿಯ ಮರಗಳನ್ನೂ ಕರಿಮೆಣಸಿನ ಬಳ್ಳಿ ತಬ್ಬಿಕೊಂಡಿರುತ್ತದೆ. ಬೇಸಗೆಯಲ್ಲಿ ಹೂಮಳೆ ಬಿದ್ದ ಒಂದು ವಾರ ಹತ್ತು ದಿನಕ್ಕೆ ಗಿಡವೆಲ್ಲ ಬೆಳ್ಳಗೆ ಅರಳಿ, ಮಲ್ಲಿಗೆಯನ್ನು ನೆನಪಿಗೆ ತರುವ ಪರಿಮಳ ದಾರಿಯುದ್ದಕ್ಕೂ ಹರಡುತ್ತದೆ. ಕಾಫಿ ಮಂಡಳಿಯ ಸಂಶೋಧನಾ ಉಪಕೇಂದ್ರ ಇಲ್ಲಿದೆ. ಕೊಡಗಿನ ಕಿತ್ತಳೆ, ಬೆಣ್ಣೆಹಣ್ಣುಗಳನ್ನು ಬೆಳೆಸಿ ಪರೀಕ್ಷಿಸುವ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರವೂ ಇದೆ.

ನೋಡತಕ್ಕ ಸ್ಥಳಗಳ ಪಟ್ಟಿಯಲ್ಲಿ ಇವು ಸೇರಬಹುದು. ಆದರೆ ಕೊಡಗಿನ ಯಾವುದೇ ಊರಿನಲ್ಲಿ ಕಾಣಸಿಗುವ, ಯಾವ ಪಟ್ಟಿಯಲ್ಲಿಯೂ ಸೇರದ ನೋಟವೊಂದುಂಟು. ಅದು ಬೀಗ ಹಾಕಿದ ಮನೆ. ಹೆಂಚಿನ ಮೇಲೆ ಪಾಚಿ, ಅಂಗಳದಲ್ಲಿ ಮೊಣಕಾಲೆತ್ತರದ ಹುಲ್ಲು. ಮಕ್ಕಳಲ್ಲಿ ಒಬ್ಬರು ಸೇನೆಯಲ್ಲಿ, ಇನ್ನೊಬ್ಬರು ಬೆಂಗಳೂರಿನಲ್ಲಿ, ಮತ್ತೊಬ್ಬರು ಕಡಲಾಚೆ. ಆ ದಾರಿಯಲ್ಲಿ ಹೋಗುವವರಿಗೆ ಒಂದು ಪ್ರಶ್ನೆ ಏಳದೆ ಇರದು: ಹನ್ನೆರಡು ವರ್ಷ ಯಾರೂ ಬಾರದಿದ್ದರೆ, ಒಳಹೊಕ್ಕು ಕುಳಿತವನಿಗೇ ಮನೆ ಸೇರುತ್ತದೆಂದು ಜನ ಹೇಳುವುದು ನಿಜವೆ? 'ಹಾಳೂರಿಗೆ ಉಳಿದವನೇ ಗೌಡ' ಎಂಬ ಗಾದೆಯನ್ನು ಕಾನೂನೂ ಒಪ್ಪುತ್ತದೆಯೆ?

ಅರ್ಧ ನಿಜ. ಉಳಿದ ಅರ್ಧವನ್ನು ತಿಳಿಯದೆ ಮನೆ ಕಳೆದುಕೊಂಡವರೂ ಉಂಟು, ವೃಥಾ ಭಯಪಟ್ಟವರೂ ಉಂಟು.

ಈ ನಿಯಮಕ್ಕೆ ಕಾನೂನಿನ ಭಾಷೆಯಲ್ಲಿ ಪ್ರತಿಕೂಲ ಸ್ವಾಧೀನ ಎಂದು ಹೆಸರು. 1963ರ ಕಾಲಪರಿಮಿತಿ ಕಾಯ್ದೆಯ 65ನೆಯ ವಿಧಿಯಂತೆ, ತನ್ನ ಆಸ್ತಿ ಪರರ ಪ್ರತಿಕೂಲ ಸ್ವಾಧೀನಕ್ಕೆ ಹೋದಂದಿನಿಂದ 12 ವರ್ಷಗಳೊಳಗೆ ಒಡೆಯನು ದಾವೆ ಹೂಡಬೇಕು. ಹೂಡದಿದ್ದರೆ, 27ನೆಯ ಪ್ರಕರಣದ ಪ್ರಕಾರ ಅವನ ಹಕ್ಕೇ ನಂದಿಹೋಗುತ್ತದೆ. ಸರ್ಕಾರಿ ನೆಲಕ್ಕಾದರೆ ಅವಧಿ 30 ವರ್ಷ. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಈ ಗಡಿಯಾರ ನಡೆಯತೊಡಗುವುದು ಒಡೆಯನು ಬೀಗ ಹಾಕಿ ಹೊರಟ ದಿನದಿಂದಲ್ಲ. ಮತ್ತೊಬ್ಬನು ಬಹಿರಂಗವಾಗಿ, 'ಇದು ನನ್ನದು' ಎಂಬ ಭಾವದಿಂದ, ಒಡೆಯನ ಹಕ್ಕನ್ನು ಧಿಕ್ಕರಿಸಿ ನೆಲೆಸಿದ ದಿನದಿಂದ.

ಇದನ್ನು ಸ್ಪಷ್ಟಪಡಿಸಿದ ತೀರ್ಪೊಂದು ನಮ್ಮ ನಾಡಿನದೇ. ಬಿಜಾಪುರದ ಕೆಲವು ಪ್ರಾಚೀನ ಸ್ಮಾರಕಗಳ ವಿಚಾರದಲ್ಲಿ ಕರ್ನಾಟಕ ವಕ್ಫ್ ಮಂಡಳಿಗೂ ಭಾರತ ಸರ್ಕಾರಕ್ಕೂ ವ್ಯಾಜ್ಯ ನಡೆದು, 2004ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಒಡೆಯನು ದೀರ್ಘಕಾಲ ಆಸ್ತಿಯನ್ನು ಬಳಸದಿದ್ದ ಮಾತ್ರಕ್ಕೆ ಅವನ ಒಡೆತನಕ್ಕೆ ಕುಂದು ಬರದು. ಇನ್ನೊಬ್ಬನು ಹಕ್ಕು ಸ್ಥಾಪಿಸಲು ಹೊರಟಾಗಲೂ ಸುಮ್ಮನಿದ್ದರೆ ಮಾತ್ರ ಸ್ಥಿತಿ ಬದಲಾಗುತ್ತದೆ ಎಂಬುದು ಅದರ ತಾತ್ಪರ್ಯ. ಬಲಾತ್ಕಾರದಿಂದ ಹೊಕ್ಕವನಿಗೆ, ಕದ್ದುಮುಚ್ಚಿ ಇದ್ದವನಿಗೆ, ಅನುಮತಿ ಪಡೆದು ಇದ್ದವನಿಗೆ ಈ ನಿಯಮದ ಆಸರೆಯಿಲ್ಲ. ಬೀಗವು ಮನೆಯನ್ನು ಕಳೆಯುವುದಿಲ್ಲ, ಮೌನವು ಕಳೆಯುತ್ತದೆ.

ಇನ್ನು ಕೊಡಗಿಗೇ ವಿಶಿಷ್ಟವಾದ ಮಾತಿಗೆ ಬರೋಣ. ಇಲ್ಲಿಯ ಹಳೆಯ ಮನೆ ಒಬ್ಬನ ಮನೆಯಲ್ಲ, ಅದು ಒಕ್ಕದ ಐನ್‌ಮನೆ. ಓಣಿಯಲ್ಲಿ ನಡೆದು ಮೆಟ್ಟಿಲೇರಿದರೆ ಕಯ್ಯಾಲೆ ಎಂಬ ಜಗಲಿ. ಕಂಬಗಳ ನಡುವೆ ಹಿರಿಯರು ಕುಳಿತುಕೊಳ್ಳುವ ಐಮರವೆಂಬ ದಪ್ಪ ಹಲಗೆ. ಒಳಗೆ ನೆಲ್ಲಕ್ಕಿ ನಡುಬಾಡೆ, ಅಲ್ಲಿ ಕಾರೋಣರ ಹೆಸರಿನಲ್ಲಿ ಬೆಳಗುವ ದೀಪ. ಪುತ್ತರಿಯ ರಾತ್ರಿ ಹೊಸ ಕದಿರು ಬಂದು ಸೇರುವುದು ಈ ಮನೆಗೇ. ಒಕ್ಕದ ಹೆಸರು ಹೊತ್ತ ಪ್ರತಿಯೊಬ್ಬರೂ, ಎಲ್ಲಿಯೇ ಇರಲಿ, ಇದನ್ನು ತಮ್ಮದೆನ್ನುತ್ತಾರೆ. ಜಮ್ಮಾ ಭೂಮಿಯ ದಾಖಲೆಯಲ್ಲಿ ಪಟ್ಟೆದಾರನ ಹೆಸರು ಮುಂದಿದ್ದರೂ, ಅದು ಅವನೊಬ್ಬನ ಸೊತ್ತೆಂದು ಅರ್ಥವಲ್ಲ. ಬೊವ್ವೇರಿಯಂಡ ಚಿಣ್ಣಪ್ಪ ಮತ್ತು ನಂಜಮ್ಮ ದಂಪತಿಗಳು ಊರೂರು ಅಲೆದು ಇಂತಹ ಮನೆಗಳ ವಿವರವನ್ನು ದಾಖಲಿಸಿದ್ದಾರೆ. ಆ ಶ್ರಮ ನಡೆಯದಿದ್ದರೆ ಎಷ್ಟೋ ಮನೆಗಳ ಕಥೆ ಗೋಡೆಯೊಂದಿಗೇ ಕುಸಿಯುತ್ತಿತ್ತು.

ಒಂಬತ್ತು ಮಂದಿ ಊರು ಬಿಟ್ಟು, ಒಬ್ಬನೇ ಉಳಿದನೆನ್ನಿ. ಅವನು ಹೆಂಚು ಹೊದಿಸಿದ, ತೆರಿಗೆ ಕಟ್ಟಿದ, ದೀಪ ಹಚ್ಚಿದ. ಇಪ್ಪತ್ತು ವರ್ಷ ಕಳೆಯಿತು. ಮನೆ ಅವನದಾಯಿತೆ? ಇಲ್ಲ. ಸಹಹಕ್ಕುದಾರರಲ್ಲಿ ಒಬ್ಬನ ಸ್ವಾಧೀನವು ಎಲ್ಲರ ಸ್ವಾಧೀನವೇ ಎಂದು ಸರ್ವೋಚ್ಚ ನ್ಯಾಯಾಲಯವು 1956ರಷ್ಟು ಹಿಂದೆಯೇ ಹೇಳಿದೆ. ಉಳಿದವರ ಹಕ್ಕನ್ನು ಅವರಿಗೆ ತಿಳಿಯುವಂತೆ ನಿರಾಕರಿಸಿ, ಅವರನ್ನು ಹೊರಗಿಟ್ಟು, ಅನಂತರ 12 ವರ್ಷ ಕಳೆದಿದ್ದರೆ ಮಾತು ಬೇರೆ. ಸುಮ್ಮನೆ ಉಳಿದವನು ಎಲ್ಲರ ಪರವಾಗಿ ಉಳಿದವನು. ನ್ಯಾಯಾಸ್ಥಾನದ ಈ ಮಾತನ್ನು ಒಕ್ಕದ ಹಿರಿಯರು ಕಾಯ್ದೆ ಓದದೆಯೇ ಬಲ್ಲರು.

ತೋಟ ನೋಡಿಕೊಳ್ಳುವ ಕಾವಲುಗಾರನ ಸಂಗತಿಯೂ ಇಂತಹುದೇ. ಒಡೆಯನ ಅನುಮತಿಯಿಂದ ಇರುವವನು ಎಷ್ಟೇ ಕಾಲವಿದ್ದರೂ ಅದರಿಂದಲೇ ಒಡೆಯನಾಗನೆಂದು, ಗೋವೆಯ ಮನೆಯೊಂದರ ವ್ಯಾಜ್ಯದಲ್ಲಿ 2012ರಲ್ಲಿ ತೀರ್ಪಾಯಿತು. ಈ ಮಾತಿಗೆ ಇನ್ನೊಂದು ಮುಖವಿದೆ. ಕೊಡಗಿನ ತೋಟಗಳ ಲೈನ್‌ಮನೆಗಳಲ್ಲಿ ತಲೆಮಾರುಗಳಿಂದ ಬಾಳಿದ ಕಾರ್ಮಿಕ ಕುಟುಂಬಗಳುಂಟು. ಕೆಲಸದೊಂದಿಗೆ ಬಂದ ಸೂರು ಅದು. ಅಜ್ಜ ಸತ್ತದ್ದೂ ಮೊಮ್ಮಗ ಹುಟ್ಟಿದ್ದೂ ಅಲ್ಲಿಯೇ ಆದರೂ, ಕಾಲ ಕಳೆದ ಮಾತ್ರಕ್ಕೆ ಅದು ಅವರದಾಗದು. ದೂರದ ಒಡೆಯನಿಗೆ ಧೈರ್ಯ ಕೊಡುವ ನಿಯಮವೇ ಇವರನ್ನು ಸ್ವಂತ ಸೂರಿಲ್ಲದವರನ್ನಾಗಿಯೇ ಉಳಿಸುತ್ತದೆ.

ಈ ಕಾನೂನು ಇರಬೇಕೇ ಎಂಬ ಜಿಜ್ಞಾಸೆಯೂ ನಡೆದಿದೆ. ಪ್ರಾಮಾಣಿಕ ಒಡೆಯನಿಗೆ ಇದು ಕಠೋರ, ಅತಿಕ್ರಮಿಸಿದವನಿಗೆ ಉಡುಗೊರೆ ಎಂಬ ಅಭಿಪ್ರಾಯದಿಂದ, ಇದನ್ನು ಪುನಃ ಪರಿಶೀಲಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2008ರಲ್ಲಿ ಸರ್ಕಾರಕ್ಕೆ ಸೂಚಿಸಿತು. ಆದರೆ 2019ರಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠವು, ಹೀಗೆ ಹಕ್ಕು ಪಡೆದವನು ಅದನ್ನು ಆತ್ಮರಕ್ಷಣೆಗೆ ಮಾತ್ರವಲ್ಲ, ತಾನೇ ವಾದಿಯಾಗಿ ದಾವೆ ಹೂಡುವುದಕ್ಕೂ ಬಳಸಬಹುದೆಂದಿತು. ಕಾನೂನು ಆಯೋಗವು 2023ರ ತನ್ನ 280ನೆಯ ವರದಿಯಲ್ಲಿ ಬದಲಾವಣೆಗೆ ಕಾರಣವಿಲ್ಲವೆಂದು ಅಭಿಪ್ರಾಯಪಟ್ಟಿತು. ಗುರಾಣಿ ಕತ್ತಿಯೂ ಆಗಿದೆಯೆಂದ ಮೇಲೆ ಒಡೆಯನು ಎಚ್ಚರವಾಗಿರಬೇಡವೆ?

ಮನೆ ಬಿಟ್ಟವರೆಲ್ಲ ಬೇಕೆಂದು ಬಿಟ್ಟವರೂ ಅಲ್ಲ. 2018ರ ಆಗಸ್ಟಿನಲ್ಲಿ ಗುಡ್ಡಗಳು ಜರಿದು ಜೋಡುಪಾಲ, ಮಕ್ಕಂದೂರು ಮೊದಲಾದ ಕಡೆಗಳಲ್ಲಿ ಮನೆಗಳು ಮಣ್ಣುಪಾಲಾದುವು. ನಿರಾಶ್ರಿತರಾದ ಅನೇಕರಿಗೆ ಜಂಬೂರು, ಮದೆನಾಡುಗಳಲ್ಲಿ ಹೊಸ ಮನೆಗಳಾದುವು. ಜೀವಭಯದಿಂದ ಹೊರಟು ಹೋದದ್ದರಿಂದಲೇ ಹಳೆಯ ನೆಲದ ಹಕ್ಕು ಅಳಿಯದು ಎಂಬುದನ್ನು ಅಂತಹವರಿಗೆ ಯಾರಾದರೂ ತಿಳಿಯಹೇಳುವುದು ಒಳ್ಳೆಯದು.

ಪಟ್ಟಣವಾಸಿಗಳಾದ ನಮಗೆ ಇದರಲ್ಲಿ ಮಾಡಬೇಕಾದದ್ದು ಬಹಳವಿಲ್ಲ. ವರ್ಷಕ್ಕೊಮ್ಮೆಯಾದರೂ ಹೋಗಿ ಬಾಗಿಲು ತೆರೆಯಬೇಕು. ಕಂದಾಯದ ರಸೀದಿಗಳನ್ನು ಜೋಪಾನವಾಗಿಡಬೇಕು. ಮನೆ ನೋಡಿಕೊಳ್ಳುವವರೊಡನೆ ಕರಾರನ್ನು ಬರೆವಣಿಗೆಯಲ್ಲಿ ಇಟ್ಟುಕೊಳ್ಳಬೇಕು. ಯಾರಾದರೂ 'ನನ್ನದು' ಎಂದ ದಿನವೇ ವಕೀಲರನ್ನು ಕಾಣಬೇಕು.

ಇಷ್ಟಕ್ಕೆ ಹಕ್ಕು ಉಳಿಯಿತು. ಆದರೆ ಮನೆ? ಕೊಡಗಿನ ಮಳೆಗೆ ತಕರಾರಿಲ್ಲ, ವಾಯಿದೆಯಿಲ್ಲ. ಒಂದು ಹೆಂಚು ಸರಿದರೆ ನಾಲ್ಕು ಮಳೆಗಾಲಕ್ಕೆ ತೊಲೆ ಕೊಳೆಯುತ್ತದೆ. ಆ ಹೆಂಚನ್ನು ಸರಿಪಡಿಸಿದವನು ಊರಿನಲ್ಲಿಯೇ ಉಳಿದ ಅಣ್ಣನೋ ಚಿಕ್ಕಪ್ಪನೋ ಆಗಿರುತ್ತಾನೆ. ಅವನಿಗೆ ಹೆಚ್ಚಿನ ಪಾಲು ಕೊಡೆಂದು ಕಾಲಪರಿಮಿತಿ ಕಾಯ್ದೆ ಹೇಳುವುದಿಲ್ಲ. ಹೇಳಬೇಕಾದವರು ಪುತ್ತರಿಗೆ ಬಂದು ಆ ಐಮರದ ಮೇಲೆ ಕುಳಿತು, ಅವನು ಹಚ್ಚಿದ ದೀಪಕ್ಕೆ ಕೈಮುಗಿಯುವ ಉಳಿದ ಒಂಬತ್ತು ಮಂದಿ.