ರೆಸಿನ್‌ನೊಳಗೆ ಸಿಕ್ಕಿದ ಕವಡೆ

ರೆಸಿನ್ ದಾಳ ಕೂಡಿಡುವವರಿಗೆ ಅದರ ಸೆಳೆತ ಗೊತ್ತಿರುತ್ತದೆ. ಗಾಜಿನಂಥ ತಿಳಿ, ಅದರೊಳಗೆ ಹೊಗೆಯ ಹಾಗೆ ಹರಡಿದ ಬಣ್ಣ, ಒಣಗಿದ ಹೂವಿನ ದಳ, ಚಿನ್ನದ ರೇಕಿನ ಚೂರು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಅಮೆರಿಕದಲ್ಲಿ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಆಟ ಹೊರತಂದ ಮೇಲೆ ನಾಲ್ಕು, ಎಂಟು, ಹನ್ನೆರಡು, ಇಪ್ಪತ್ತು ಮುಖದ ದಾಳಗಳು ಊರೂರು ಸುತ್ತಿದವು. ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದಾಗ ಗೆಳೆಯರು ವಾರದ ಕೊನೆಗೆ ಆ ಆಟಕ್ಕೆ ಕೂರುತ್ತಿದ್ದರು. ನಾನೂ ಕೂತೆ. ಆಟಕ್ಕಿಂತ ದಾಳವೇ ನನ್ನನ್ನು ಹಿಡಿಯಿತು. ಕೊಂಡು ಕೂಡಿಟ್ಟದ್ದು ಸಾಲದೆ ಮನೆಯಲ್ಲೇ ಎರಕ ಹೊಯ್ಯಲು ಶುರು ಮಾಡಿದೆ.

ಆ ಕೆಲಸ ತಾಳ್ಮೆ ಬೇಡುತ್ತದೆ. ಎಪಾಕ್ಸಿ ರೆಸಿನ್ ಒಂದು ಬಾಟಲಿ, ಅದನ್ನು ಗಟ್ಟಿ ಮಾಡುವ ದ್ರವ ಇನ್ನೊಂದು ಬಾಟಲಿ. ಅಳತೆ ಸ್ವಲ್ಪ ಹೆಚ್ಚುಕಮ್ಮಿಯಾದರೂ ದಾಳ ಅಂಟಂಟಾಗಿಯೇ ಉಳಿಯುತ್ತದೆ. ಜೋರಾಗಿ ಕಲಸಿದರೆ ಗಾಳಿಗುಳ್ಳೆ ತುಂಬಿಕೊಳ್ಳುತ್ತದೆ. ಸಿಲಿಕೋನ್ ಅಚ್ಚಿಗೆ ಹೊಯ್ದು ಒತ್ತಡದ ಪಾತ್ರೆಯಲ್ಲಿಟ್ಟರೆ ಉಳಿದ ಗುಳ್ಳೆಗಳು ಕಣ್ಣಿಗೆ ಬೀಳದಷ್ಟು ಕುಗ್ಗುತ್ತವೆ. ಮರುದಿನ ಅಚ್ಚಿನಿಂದ ತೆಗೆದು, ಉಪ್ಪುಕಾಗದದಿಂದ ತಿಕ್ಕಿ, ಅಂಕಿಗಳಿಗೆ ಬಣ್ಣ ತುಂಬಬೇಕು. ಇವೆಲ್ಲ ನನ್ನ ಕೈಗೆ ಒಗ್ಗಿದ್ದವು. ಹಾಗೆ ಒಗ್ಗಿದ್ದರಿಂದಲೇ ಆ ಯೋಚನೆಯೂ ಬಂದದ್ದು.

ನಮ್ಮೂರು ಸೊಕ್ಕೆ, ಜಗಳೂರು ತಾಲ್ಲೂಕು. ಶಿವರಾತ್ರಿ ಜಾಗರಣೆಗೆ ನಮ್ಮ ಪಡಸಾಲೆಯಲ್ಲಿ ಚೌಕಾಬಾರ ನಡೆಯುತ್ತದೆ. ಸೀಮೆಸುಣ್ಣದಲ್ಲಿ ಅಡ್ಡ ಐದು, ಉದ್ದ ಐದು ಮನೆ ಬರೆದು, ಕಟ್ಟೆ ಮನೆಗಳಿಗೆ ಗೆರೆ ಹೊಡೆದು, ಬಳೆಚೂರನ್ನೋ ಹುರುಳಿಕಾಳನ್ನೋ ಕಾಯಿ ಮಾಡಿಕೊಂಡು ಕೂತರೆ ಬೆಳಗಾದದ್ದು ತಿಳಿಯುವುದಿಲ್ಲ. ಎಸೆಯಲು ನಾಲ್ಕು ಕವಡೆ. ಅವು ದೊಡ್ಡಮ್ಮನ ಎಲೆಅಡಿಕೆ ಚೀಲದಲ್ಲೇ ಇರುತ್ತಿದ್ದವು. ಅವರ ಅತ್ತೆಯ ಕಾಲದವು. ಬೆನ್ನು ಸವೆದು ಹಳದಿಗೆ ತಿರುಗಿದ್ದವು. ಒಂದರ ಅಂಚು ಮುಕ್ಕಾಗಿತ್ತು, ಅದು ಮಗುಚಿ ಬೀಳುವುದೇ ಹೆಚ್ಚು ಎಂದು ಮನೆಯವರಿಗೆಲ್ಲ ಗೊತ್ತಿತ್ತು.

ಆ ನಾಲ್ಕೂ ಕವಡೆಗಳನ್ನು ಕೇಳಿ ತಂದು, ಒಂದೊಂದನ್ನು ಒಂದೊಂದು ತಿಳಿ ರೆಸಿನ್ ದಾಳದೊಳಗೆ ಎರಕ ಹೊಯ್ದೆ. ಆಡುವ ನಾಲ್ವರಿಗೆ ನಾಲ್ಕು ದಾಳ, ಮುಂದಿನ ಶಿವರಾತ್ರಿಗೆ ನನ್ನ ಉಡುಗೊರೆ. ಆರು ಮುಖಗಳಿಗೆ ಒಂದು, ಎರಡು, ಎರಡು, ಮೂರು, ನಾಲ್ಕು, ಎಂಟು ಎಂದು ಬರೆದೆ. ಕವಡೆಯಲ್ಲಿ ಬೀಳುವ ಎಣಿಕೆಗಳೆಲ್ಲ ಅದರಲ್ಲಿದ್ದವು, ಎರಡು ಹೆಚ್ಚು ಬೀಳುವುದರಿಂದ ಅದಕ್ಕೆ ಎರಡು ಮುಖ. ಲೆಕ್ಕ ಸರಿಯಿದೆ ಎಂದೇ ನಂಬಿದ್ದೆ.

ಜಾಗರಣೆಯ ರಾತ್ರಿ ಆಟ ಹದಗೆಟ್ಟಿತು. ಕವಡೆಯಲ್ಲಿ ಅಂಗಾತ ಬಿದ್ದವನ್ನು ಎಣಿಸುತ್ತಾರೆ. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲಾದರೆ ಎಂಟು, ಅಂದರೆ ಬಾರ. ಇವೆರಡಕ್ಕೂ ಮತ್ತೊಂದು ಎಸೆತ ಸಿಗುತ್ತದೆ. ಕವಡೆ ಎರಡು ಕಡೆಗೂ ಸಮನಾಗಿ ಬೀಳುತ್ತದೆ ಎಂದಿಟ್ಟುಕೊಂಡರೂ ನಾಲ್ಕು ಕವಡೆ ಬೀಳುವ ಬಗೆ 16. ಅದರಲ್ಲಿ ಚೌಕಕ್ಕೆ ಒಂದು, ಬಾರಕ್ಕೆ ಒಂದು, ಎರಡಕ್ಕೆ ಆರು, ಒಂದಕ್ಕೂ ಮೂರಕ್ಕೂ ನಾಲ್ಕು ನಾಲ್ಕು. ಎಂಟು ಸಲ ಎಸೆದರೆ ಒಮ್ಮೆ ಬರಬೇಕಾದ ಮರು ಎಸೆತ ನನ್ನ ದಾಳದಲ್ಲಿ ಮೂರಕ್ಕೊಮ್ಮೆ ಬರತೊಡಗಿತು. ಯಾರೂ ಕಾಯಲೇ ಇಲ್ಲ. ಕಾಯಿಗಳು ಓಡಿದವು, ಕಡಿದವು, ಹಣ್ಣಾದವು. ಬಾರ ಬಿದ್ದಾಗ ಏಳುತ್ತಿದ್ದ ಕೂಗು ಎರಡನೇ ಆಟಕ್ಕೇ ನಿಂತುಹೋಯಿತು. ಅಪರೂಪಕ್ಕೆ ಬರುವುದೇ ಬಾರದ ಬೆಲೆ. ಆ ಬೆಲೆಯನ್ನು ಅಷ್ಟು ವರ್ಷ ಕಾದುಕೊಂಡಿದ್ದು ಆ ನಾಲ್ಕು ಕವಡೆ. ದಾಳವೇ ಬೇಕಿದ್ದರೆ ಹದಿನಾರು ಮುಖದ್ದು ಬೇಕಿತ್ತು. ಆಗಲೂ ಮುಕ್ಕು ಕವಡೆಯ ಗುಣ ಅದರಲ್ಲಿ ಬರುತ್ತಿರಲಿಲ್ಲ.

ದೊಡ್ಡಮ್ಮ ದಾಳವನ್ನು ಬುಡ್ಡಿದೀಪದ ಹತ್ತಿರ ಹಿಡಿದು ನೋಡಿದರು. "ಚೆಂದ ಐತೆ. ಇದ್ರಾಗಿಂದ ಕವಡೆ ತೆಗಿಯಾಕೆ ಬರ್ತೈತೇನೋ ತಮ್ಮಾ?"

ಬರುವುದಿಲ್ಲ. ಚನ್ನಪಟ್ಟಣದ ಗೊಂಬೆಗೆ ಹಚ್ಚುವ ಅರಗು ಬಿಸಿಗೆ ಮೆತ್ತಗಾಗುತ್ತದೆ. ಗಟ್ಟಿಯಾದ ಎಪಾಕ್ಸಿ ಹಾಗಲ್ಲ, ಅದರ ಅಣುಗಳು ಒಂದಕ್ಕೊಂದು ಹೆಣೆದುಕೊಂಡ ಮೇಲೆ ಮತ್ತೆ ದ್ರವವಾಗುವ ಮಾತೇ ಇಲ್ಲ. ಆದರೂ ಬೆಂಗಳೂರಿಗೆ ಮರಳಿ ಒಂದು ದಾಳವನ್ನು ಸಣ್ಣ ಗರಗಸದಿಂದ ಕೊಯ್ದೆ. ಅರ್ಧ ದಾರಿಗೆ ಕವಡೆ ಒಡೆದು, ಒಳಗೆ ಸಿಕ್ಕಿದ್ದ ಗಾಳಿಯ ಜಾಗ ಸಣ್ಣ ಗುಹೆಯಂತೆ ಬಾಯಿ ಬಿಟ್ಟಿತು. ಉಳಿದ ಮೂರನ್ನು ಮುಟ್ಟಲಿಲ್ಲ.

ಗಾಳಿಯ ಆ ಜಾಗವೇ ಇನ್ನೊಂದು ವಿಷಯ ತೋರಿಸಿಕೊಟ್ಟಿತು. ದಾಳ ನ್ಯಾಯವಾಗಿ ಬೀಳುತ್ತದೆಯೇ ಎಂದು ನೋಡಲು, ಉಪ್ಪು ಇನ್ನು ಕರಗದು ಎನ್ನುವಷ್ಟು ಬೆರೆಸಿದ ನೀರಿನಲ್ಲಿ ಅದನ್ನು ತೇಲಿಬಿಟ್ಟು ಬೆರಳಲ್ಲಿ ತಿರುಗಿಸುತ್ತಾರೆ. ಮತ್ತೆಮತ್ತೆ ಒಂದೇ ಮುಖ ಮೇಲೆ ಬಂದರೆ ತೂಕ ಒಂದು ಕಡೆ ವಾಲಿದೆ ಎಂದರ್ಥ. ಚಿಪ್ಪು ರೆಸಿನ್‌ಗಿಂತ ಭಾರ, ಅದರ ಹೊಟ್ಟೆಯ ಗಾಳಿ ಹಗುರ. ನನ್ನ ಮೂರು ದಾಳಗಳೂ ಪ್ರತಿ ಸಲ ಒಂದೇ ಕಡೆಗೆ ಹೊರಳಿದವು. ಈ ಪರೀಕ್ಷೆ ನನಗೆ ಮೊದಲೇ ಗೊತ್ತಿತ್ತು. ಕೊಂಡ ದಾಳಗಳಿಗೆ ಮಾಡುತ್ತಿದ್ದೆ ಕೂಡ. ಮನೆಯವರ ಕೈಗೆ ಕೊಡುವುದಕ್ಕೆ ಮಾಡಲಿಲ್ಲ, ಏಕೆಂದರೆ ಅದನ್ನು ಯಾರಾದರೂ ಎಸೆದು ಆಡುತ್ತಾರೆ ಎನ್ನುವುದು ನನ್ನ ತಲೆಯಲ್ಲೇ ಇರಲಿಲ್ಲ. ಶೋಕೇಸಿನಲ್ಲಿಟ್ಟು ನೋಡಿ ನೋಡಿ, ದಾಳ ನೋಡುವುದಕ್ಕೆ ಎಂದಾಗಿಬಿಟ್ಟಿತ್ತು. ಕವಡೆಗಳು ಹೋದದ್ದಕ್ಕಿಂತ ಇದು ನನ್ನನ್ನು ಹೆಚ್ಚು ಕಾಡುತ್ತದೆ.

ಹಾಗೆಂದು ಚಂದಕ್ಕೂ ಆಟಕ್ಕೂ ಹಗೆಯಿಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಹಾಸಿನ ಮೇಲಿನ ಆಟಗಳನ್ನು ತಾವೇ ರೂಪಿಸಿದವರು. ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಅವುಗಳ ಚಿತ್ರಗಳಿವೆ. ಅದೇ ಊರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ಹಳೆಯ ಆಟಗಳನ್ನು ಹುಡುಕಿ, ಕುಶಲಕರ್ಮಿಗಳಿಂದ ಹಾಸು, ಕಾಯಿ, ದಾಳಗಳನ್ನು ಮಾಡಿಸಿ, 'ಕ್ರೀಡಾ ಕೌಶಲ್ಯ' ಎಂಬ ಪ್ರದರ್ಶನ ನಡೆಸುತ್ತ ಬಂದಿದೆ. ನಾನು ಮೆಚ್ಚುವುದು ಅದರ ಕ್ರಮವನ್ನು. ಆಟ ಗೊತ್ತಿದ್ದವರನ್ನು ಕೇಳಿ, ನಿಯಮ ತಿಳಿದುಕೊಂಡು, ಆಮೇಲೆ ಅಲಂಕಾರ. ನಾನು ಅಲಂಕಾರದಿಂದ ಶುರು ಮಾಡಿದ್ದೆ.

ಈಗ ಸೊಕ್ಕೆಯ ಮನೆಯಲ್ಲಿ ಹುಣಸೆ ಬೀಜದಿಂದ ಆಡುತ್ತಾರೆ. ಬೀಜದ ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿ ಬಿಳಿ ಕಾಣುವಂತೆ ಮಾಡಿದರೆ ಆಯಿತು, ಬಿಳಿಯದು ಅಂಗಾತ, ಕಂದು ಬೋರಲು. ಉಜ್ಜುವ ಕೆಲಸ ನನ್ನದು. ಎಷ್ಟು ಉಜ್ಜಿದರೆ ಸಾಕು ಎಂದು ದೊಡ್ಡಮ್ಮ ಎಸೆದು ನೋಡಿಯೇ ಹೇಳುತ್ತಾರೆ. ಜೊತೆಗೆ ನಮ್ಮ ಮನೆಯ ನಿಯಮಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೇನೆ: ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ, ಕಟ್ಟೆಯ ಮೇಲೆ ಕೂತ ಕಾಯಿಯನ್ನು ಕಡಿಯುವಂತಿಲ್ಲ, ಒಂದೇ ಸರದಿಯಲ್ಲಿ ಚೌಕವೋ ಬಾರವೋ ಮೂರು ಸಲ ಬಿದ್ದರೆ ಅಷ್ಟೂ ಸುಟ್ಟಂತೆ. ಕೊನೆಯದನ್ನು ಮೇಲಿನ ಓಣಿಯವರು ಒಪ್ಪುವುದಿಲ್ಲ. ಮುಂದಿನ ಸಲ ಊರಿಗೆ ಹೋದಾಗ ನೋಟ್‌ಬುಕ್ ಹಿಡಿದು ಅವರ ಮನೆಯಲ್ಲಿ ಒಂದು ಆಟ ಆಡಬೇಕು.