ಕಳ್ಳನ ನಡಿಗೆ

ಮುಖರ್ಜಿ ನಗರ, ದೆಹಲಿ
ಭಾನುವಾರ ರಾತ್ರಿ

ಅಪ್ಪ,

‘ತೀರ್ಥರೂಪರಾದ ತಂದೆಯವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು’ ಎಂದು ಹೈಸ್ಕೂಲಿನಲ್ಲಿ ಕಲಿಸಿದ ಹಾಗೇ ಶುರು ಮಾಡಿದ್ದೆ. ಎರಡನೇ ಸಾಲಿಗೇ ನಗು ಬಂತು, ಹರಿದು ಹಾಕಿದೆ. ಮನೆಯಲ್ಲಿ ‘ನೀನು’ ಅನ್ನುವವಳು ಕಾಗದದಲ್ಲಿ ‘ನೀವು’ ಅಂದರೆ ದುಡ್ಡಿಗೆ ಪೀಠಿಕೆ ಹಾಕುತ್ತಿದ್ದಾಳೆ ಅಂದುಕೊಳ್ಳುತ್ತೀಯ. ಇದು ದುಡ್ಡಿನ ಕಾಗದ ಅಲ್ಲ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಸ್ಪೀಕರ್ ಹಾಕಿಕೊಂಡು ಇಡೀ ಬೀದಿಗೆ ಕೇಳುವ ಹಾಗೆ ಮಾತಾಡುತ್ತೀಯ, ಪಕ್ಕದಲ್ಲಿ ಅವ್ವ ಇರುತ್ತಾಳೆ.

ವಿಷಯ ಇಷ್ಟೇ. ಹೋದ ಭಾನುವಾರ ನಾನು ಟೆಸ್ಟ್ ಬರೆಯಲು ಹೋಗಲಿಲ್ಲ. ನಾಟಕದಲ್ಲಿ ಪಾತ್ರ ಕೇಳಲು ಹೋಗಿದ್ದೆ. ಅದೂ ಗಂಡು ಪಾತ್ರ.

ಕೋಪ ಮಾಡಿಕೊಳ್ಳುವ ಮುಂಚೆ ಪೂರ್ತಿ ಓದು.

ನಾನಿರುವ ಜಾಗ ನೀನು ನೋಡಿಲ್ಲ. ಇಲ್ಲಿ ಬತ್ರಾ ಅಂತ ಒಂದು ಸಿನಿಮಾ ಟಾಕೀಸು ಇತ್ತು. ಸಿನಿಮಾ ನಿಂತು ಎಷ್ಟೋ ವರ್ಷವಾಯಿತು, ಹೆಸರು ಮಾತ್ರ ಉಳಿದಿದೆ. ಇ-ರಿಕ್ಷಾದವನಿಗೆ ಇವತ್ತಿಗೂ ‘ಬತ್ರಾ’ ಅಂದರೆ ಸಾಕು. ಅದರ ಸುತ್ತ ಯುಪಿಎಸ್‌ಸಿ ಕೋಚಿಂಗ್ ಸೆಂಟರು, ಜೆರಾಕ್ಸ್ ಅಂಗಡಿ, ಚಹಾದ ಗೂಡು, ತಿಂಗಳಿಗಿಷ್ಟು ಅಂತ ಬಾಡಿಗೆಗೆ ಕೊಡುವ ‘ಲೈಬ್ರರಿ’. ಲೈಬ್ರರಿ ಅಂದರೆ ಪುಸ್ತಕ ಇರುವುದಿಲ್ಲ, ಒಂದು ಕುರ್ಚಿ, ಒಂದು ದೀಪ, ಮೂರು ಕಡೆ ಹಲಗೆ. ಗೋಡೆಗಳ ಮೇಲೆಲ್ಲ ರ‍್ಯಾಂಕ್ ಬಂದವರ ಮುಖಗಳು. ಅವನ್ನು ನೋಡಿದಾಗಲೆಲ್ಲ ನಮ್ಮೂರ ಕುರುಕ್ಷೇತ್ರ ನಾಟಕದ ಹ್ಯಾಂಡ್‌ಬಿಲ್ಲೇ ನೆನಪಾಗುವುದು. ಒಂದೊಂದು ವೃತ್ತದಲ್ಲಿ ಒಂದೊಂದು ಮುಖ, ಕೆಳಗೆ ಹೆಸರು. ಅಲ್ಲಿ ಹೆಸರಿನ ಕೆಳಗೆ ‘ದುರ್ಯೋಧನ’ ಅಂತ ಇತ್ತು, ಇಲ್ಲಿ ನಂಬರ್ ಇರುತ್ತದೆ.

ದೆಹಲಿ ಕರ್ನಾಟಕ ಸಂಘದ ಬಗ್ಗೆ ಹೇಳಿದ್ದೆನಲ್ಲ, 1948ರಷ್ಟು ಹಳೆಯದು, ಆರ್.ಕೆ.ಪುರದಲ್ಲಿ ಸ್ವಂತ ಕಟ್ಟಡ ಇದೆ ಅಂತ. ಅಲ್ಲಿ ನಾಟಕ ನೋಡಲು ಹೋದಾಗ ಒಂದಿಷ್ಟು ಜನ ಪರಿಚಯವಾದರು. ಕಚೇರಿಯಲ್ಲಿ ಫೈಲು ನೋಡುವವರು, ಮೇಷ್ಟ್ರುಗಳು, ಒಬ್ಬರು ನರ್ಸು. ತಮ್ಮ ಸಂತೋಷಕ್ಕೆ ಸೇರಿಕೊಂಡು ನಾಟಕ ಆಡುವವರು. ಈ ಸಲ ಅವರು ಎತ್ತಿಕೊಂಡಿರುವುದು ಯಾವುದು ಗೊತ್ತಾ? ‘ಸದಾರಮೆ’!

ಆ ಹೆಸರು ಕೇಳಿದ ಮೇಲೆ ನಾನು ಹೇಗಪ್ಪ ಸುಮ್ಮನಿರಲಿ? ಗುಬ್ಬಿ ತಾಲ್ಲೂಕಿನ ಹುಡುಗಿ ಅಂತ ಗೊತ್ತಾದ ಕೂಡಲೇ ಅವರೆಲ್ಲ ನನ್ನನ್ನು ಗುಬ್ಬಿ ನಾಟಕ ಕಂಪನಿಯ ವೀರಣ್ಣನವರ ಪಕ್ಕದ ಮನೆಯವಳ ಹಾಗೆ ನೋಡತೊಡಗಿದರು. ನಾನೂ ಜಂಬದಿಂದ, ನಾಟಕ ಬರೆದವರು ಬೆಳ್ಳಾವೆ ನರಹರಿ ಶಾಸ್ತ್ರಿಗಳು, ಅವರೂ ನಮ್ಮ ಕಡೆಯವರೇ ಅಂದೆ. ಗುಬ್ಬಿ ಕಂಪನಿ ಹುಟ್ಟಿದ್ದು 1884ರಲ್ಲಿ ಅಂದೆ. ಪ್ರಿಲಿಮ್ಸ್‌ಗೆ ಓದಿದ್ದು ಇಷ್ಟು ಚೆನ್ನಾಗಿ ನೆನಪಿದ್ದಿದ್ದರೆ ಈ ಹೊತ್ತಿಗೆ ನಿನಗೆ ಬೇರೆ ಥರದ ಕಾಗದವೇ ಬರುತ್ತಿತ್ತು.

ಅವರ ಮೂಲ ಕಷ್ಟ ಗಂಡಸರದು. ಹಾಡಿನ ಮೇಲೇ ನಡೆಯುವ ಹಾಸ್ಯದ ನಾಟಕ. ಮುಖ್ಯವಾಗಿ ಇಬ್ಬರು ಗಂಡಸರು ಬೇಕು, ಸೆಟ್ಟಿ ಮಗಳು ಸದಾರಮೆಯ ಮೇಲೆ ಮನಸ್ಸಿಟ್ಟು ರಾಜ್ಯವನ್ನೇ ಬಿಟ್ಟುಕೊಡುವ ರಾಜಕುಮಾರ ಒಬ್ಬ, ಅವಳನ್ನು ಹೊತ್ತೊಯ್ಯುವ ಕಳ್ಳ ಇನ್ನೊಬ್ಬ. ಸದಾರಮೆಯ ಪಾತ್ರ ಕೇಳಿ ಒಂಬತ್ತು ಜನ ಬಂದಿದ್ದರು. ಗಂಡು ಪಾತ್ರಕ್ಕೆ ಬಂದದ್ದು ಮೂವರು. ಒಬ್ಬರಿಗೆ ದೆಹಲಿಯ ಚಳಿಗಾಲದ ಕೆಮ್ಮು, ಪಲ್ಲವಿ ಮುಗಿಸುವಷ್ಟರಲ್ಲಿ ಎರಡು ಲೋಟ ಬಿಸಿನೀರು. ಇನ್ನೊಬ್ಬ ಇಲ್ಲೇ ಹುಟ್ಟಿ ಬೆಳೆದ ಹುಡುಗ, ಒಳ್ಳೆಯ ಕಂಠ, ಅಮ್ಮನ ಹತ್ತಿರ ಕಲಿತ ಕನ್ನಡ. ಓದಲು ಬರದು ಅಂತ ಮಾತುಗಳನ್ನೆಲ್ಲ ದೇವನಾಗರಿಯಲ್ಲಿ ಬರೆದುಕೊಂಡು ಬಂದಿದ್ದ. ಮೂರನೆಯವರಿಗೆ ಮಾರ್ಚಿ ತಿಂಗಳಲ್ಲಿ ವರ್ಗಾವಣೆ ಆಗುವ ಹಾಗಿದೆ. ಕೊನೆಗೆ ನಿರ್ದೇಶಕರು, “ಯಾರು ಯಾವ ಪಾತ್ರ ಬೇಕಾದರೂ ಕೇಳಿ, ಹೆಣ್ಣು ಗಂಡು ಅಂತಿಲ್ಲ” ಅಂದರು.

ನಾನು ಕೈ ಎತ್ತಿದೆ. ಕಳ್ಳ.

ಆ ಕಳ್ಳ ಏನು ಸಾಮಾನ್ಯನಾ? ವೀರಣ್ಣನವರಿಗೆ ಹೆಸರು ತಂದ ಪಾತ್ರ. ಅವರ ಮೊಮ್ಮಗಳು ಬಿ.ಜಯಶ್ರೀ ಇದೇ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು, ಊರಿಗೆ ಹೋಗಿ ತಾತನ ಸದಾರಮೆಯನ್ನು ಮತ್ತೆ ಕಟ್ಟಿದಾಗ, ಕಳ್ಳನ ವೇಷ ತಾವೇ ಹಾಕಿದರು. ಮುಂದೆ 2010ರಲ್ಲಿ ರಾಜ್ಯಸಭೆಗೆ ನಾಮನಿರ್ದೇಶನಗೊಂಡು ಮತ್ತೆ ಇದೇ ಊರಿಗೆ ಬಂದರು. ಮೈಸೂರಿನ ಆರ್.ನಾಗರತ್ನಮ್ಮ ಇನ್ನೂ ಹಿಂದೆಯೇ, 1958ರಲ್ಲಿ, ಬರೀ ಹೆಂಗಸರ ನಾಟಕ ಮಂಡಳಿ ಕಟ್ಟಿ ಕಂಸನಾಗಿ ಗುಡುಗಿದವರು. ಹಾಗಾಗಿ ನಾನು ಹೊಸ ದಾರಿಯನ್ನೇನೂ ತುಳಿಯುತ್ತಿಲ್ಲ.

ಆದರೆ ತುಳಿಯುವುದರಲ್ಲೇ ಎಡವಿದೆ. ಹಾಡು ಹೇಗೋ ಆಯಿತು. ಹಾರ್ಮೋನಿಯಂನವರು ಶ್ರುತಿ ಒಂದು ಮನೆ ಇಳಿಸಿ ಕೊಟ್ಟರು. ಆಮೇಲೆ ನಿರ್ದೇಶಕರು, “ಮಾತು ಬೇಡ. ಕಳ್ಳ ಕತ್ತಲಲ್ಲಿ ಬರ್ತಾನೆ. ಅಲ್ಲಿಂದ ಇಲ್ಲಿಗೆ ನಡೆದುಕೊಂಡು ಬಾ” ಅಂದರು. ಆರ್.ಕೆ.ಪುರದ ಸರ್ಕಾರಿ ಕ್ವಾರ್ಟರ್ಸಿನ ಹಾಲು, ಸೋಫಾ ಗೋಡೆಗೆ ಒತ್ತಿಟ್ಟಿದ್ದರು. ಹತ್ತು ಹೆಜ್ಜೆ ಕೂಡ ಇಲ್ಲ. ನಡೆದೆ. ಇನ್ನೊಂದು ಸಲ ಅಂದರು. ನಡೆದೆ. ಅವರು ಕನ್ನಡಕ ತೆಗೆದು, “ನೋಡಮ್ಮ, ನೀನು ಕಳ್ಳನ ಹಾಗೆ ನಡೀತಿಲ್ಲ. ಕಳ್ಳ ಬರ್ತಾನೆ ಅಂತ ಹೆದರಿದೋರ ಹಾಗೆ ನಡೀತಿದ್ದೀಯ” ಅಂದರು.

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಅಪ್ಪ, ಅದು ಎಷ್ಟು ನಿಜ ಅಂದರೆ ಕಿವಿ ಬಿಸಿಯಾಯಿತು. ರಾತ್ರಿ ಹತ್ತಕ್ಕೆ ಲೈಬ್ರರಿ ಬಿಟ್ಟು ರೂಮಿಗೆ ಬರುವುದು ಹಾಗೇ ಅಲ್ಲವಾ? ಬ್ಯಾಗನ್ನು ಎದೆಗೆ ಒತ್ತಿಕೊಂಡು, ಕಣ್ಣು ಕೆಳಗೆ, ಕಿವಿ ಹಿಂದಕ್ಕೆ. ಯಾರೂ ಏನೂ ಮಾಡಿಲ್ಲ, ಗಾಬರಿಯಾಗಬೇಡ. ಆದರೂ ಕಾಲಿಗೆ ಅದು ಅಭ್ಯಾಸವಾಗಿ ಹೋಗಿದೆ. ಅಣಕು ಸಂದರ್ಶನದಲ್ಲೂ ಹಾಗೇ ಒಳಗೆ ಹೋಗುತ್ತೇನೆ. ಕುರ್ಚಿ ಸದ್ದಾಗದ ಹಾಗೆ ಎಳೆದು, ಅರ್ಧಕ್ಕೇ ಕೂರುತ್ತೇನೆ.

“ನಿಮ್ಮೂರಲ್ಲಿ ನಾಟಕ ನೋಡಿದ್ದೀಯಲ್ಲ, ಯಾರನ್ನಾದರೂ ನೆನೆಸಿಕೋ” ಅಂದರು.

ನಾನು ನೆನೆಸಿಕೊಂಡದ್ದು ನಿನ್ನನ್ನು. ಸ್ಟೇಜಿನ ಮೇಲಿನ ನಿನ್ನನ್ನಲ್ಲ. ಅದಕ್ಕೂ ಮುಂಚೆ, ಕೊಟ್ಟಿಗೆಯ ಮುಂದೆ.

ನಾನಾಗ ಏಳನೇ ಕ್ಲಾಸು. ನೀನು ದುರ್ಯೋಧನನ ಪಾತ್ರಕ್ಕೆ 15,000 ರೂಪಾಯಿ ಕಟ್ಟಿದ್ದೆ. ಈ ಮಾತು ಹೇಳಿದರೆ ಇಲ್ಲಿನವರು ಬಾಯಿ ಬಿಟ್ಟು ನೋಡುತ್ತಾರೆ. ಪಾತ್ರಕ್ಕೆ ಪರೀಕ್ಷೆ ಇಲ್ಲವಾ, ದುಡ್ಡು ಕೊಟ್ಟು ತಗೊಳ್ಳುವುದಾ ಅಂತ. ಹೌದು, ನಮ್ಮ ಕಡೆ ಹಾಗೇ ಅಂತ ವಿವರಿಸಿದೆ. ಕೃಷ್ಣನಿಗೆ, ದುರ್ಯೋಧನನಿಗೆ, ಕರ್ಣನಿಗೆ ಹೆಚ್ಚು, ಚಿಕ್ಕ ಪಾತ್ರಕ್ಕೆ ಕಡಿಮೆ. ಅದರಲ್ಲೇ ಮೇಷ್ಟ್ರ ಸಂಬಳ, ಸೀನರಿ, ಲೈಟು, ಮೈಕು, ಊಟ ಎಲ್ಲ ಆಗಬೇಕು. ಗಂಡಸರು ದುಡ್ಡು ಕೊಟ್ಟು ವೇಷ ಹಾಕುತ್ತಾರೆ, ದ್ರೌಪದಿ ಕುಂತಿಯರು ಮಾತ್ರ ಪಟ್ಟಣದಿಂದ ದುಡ್ಡು ತಗೊಂಡು ಬರುತ್ತಾರೆ ಅಂದಾಗ ಆ ನರ್ಸು ಒಂದು ಮಾತು ಕೇಳಿದರು: “ಹಾಗಾದ್ರೆ ಊರಿನ ಹೆಣ್ಮಕ್ಕಳು?” ನನ್ನ ಹತ್ತಿರ ಉತ್ತರ ಇರಲಿಲ್ಲ. ನಾವು ಚಾಪೆ ಹಾಸಿಕೊಂಡು ಮುಂದೆ ಕೂರುತ್ತಿದ್ದೆವು, ಅಷ್ಟೆ.

ಆ ದುಡ್ಡು ಕೊಬ್ಬರಿ ಮಾರಿದ್ದು. ಅವ್ವನ ಓಲೆಗೆ ಅಂತ ತೆಗೆದಿಟ್ಟಿದ್ದು. ಅವ್ವ ಮೂರು ದಿನ ನಿನಗೆ ತಟ್ಟೆ ಕುಕ್ಕಿ ಇಟ್ಟದ್ದು, ನೀನು ಸದ್ದಿಲ್ಲದೆ ಮುದ್ದೆ ನುಂಗಿದ್ದು, ಎಲ್ಲ ನೆನಪಿದೆ. ಆಗ ನಾನು ಅವ್ವನ ಪಕ್ಷ. ಒಂದು ರಾತ್ರಿಯ ವೇಷಕ್ಕೆ ಯಾರಾದರೂ ಅಷ್ಟು ಸುರಿಯುತ್ತಾರಾ ಅಂತ ನನಗೂ ಸಿಟ್ಟು. ಎರಡು ತಿಂಗಳು ದಿನಾ ರಾತ್ರಿ ಶಾಲೆಯ ಜಗಲಿಯಲ್ಲಿ ಪ್ರಾಕ್ಟೀಸು. ಮೇಷ್ಟ್ರು ನಿನಗೆ, “ಗೌಡ್ರೆ, ಕಂದ ಆಮೇಲೆ, ಮೊದ್ಲು ನಡಿಗೆ” ಅಂತ ಬಯ್ಯುತ್ತಿದ್ದರು. ಬೆಳಗಿನ ಜಾವ ಹಾಲು ಕರೆಯಲು ಎದ್ದಾಗ, ನೀನು ಯಾರೂ ನೋಡುತ್ತಿಲ್ಲ ಅಂದುಕೊಂಡು, ಸನಿಕೆಯನ್ನೇ ಗದೆ ಮಾಡಿ ಹೆಗಲಿಗೆ ಹಾಕಿಕೊಂಡು ಕೊಟ್ಟಿಗೆಯಿಂದ ಬಾವಿಯವರೆಗೆ ನಡೆಯುತ್ತಿದ್ದೆ. ನಾನು ಕಿಟಕಿಯಲ್ಲಿ ನೋಡಿದ್ದೇನೆ. ಸೊಸೈಟಿ ಸೆಕ್ರೆಟರಿ ಎದುರು, ಬ್ಯಾಂಕಿನವರ ಎದುರು ಕುಗ್ಗಿ ಒಂದು ಪಕ್ಕಕ್ಕೆ ನಿಲ್ಲುತ್ತಿದ್ದ ನೀನು ಆ ಇಪ್ಪತ್ತು ಹೆಜ್ಜೆ ಹಿತ್ತಿಲೆಲ್ಲ ನಿನ್ನದೇ ಅನ್ನುವ ಹಾಗೆ ನಡೆಯುತ್ತಿದ್ದೆ. ಎಮ್ಮೆ ಕೂಡ ತಲೆ ಎತ್ತಿ ನೋಡುತ್ತಿತ್ತು.

ನೀನು ಕೊಂಡುಕೊಂಡದ್ದು ಪಾತ್ರ ಅಂತ ನಾವೆಲ್ಲ ತಿಳಿದಿದ್ದೆವು. ಅದು ನಡಿಗೆ ಅಂತ ನನಗೆ ಗೊತ್ತಾದದ್ದು ಆರ್.ಕೆ.ಪುರದ ಆ ಹಾಲಿನಲ್ಲಿ.

ಮೂರನೇ ಸಲ ನಡೆದೆ. ಬ್ಯಾಗು ಇಲ್ಲ, ಸನಿಕೆ ಇದೆ ಅಂದುಕೊಂಡೆ. ಹೆಗಲು ತಾನೇ ಅಗಲವಾಯಿತು. ಕಳ್ಳನಿಗೆ ಕತ್ತಲು ಹೆದರಿಕೆಯಲ್ಲ, ಅವನ ಅಂಗಡಿ, ಅದರ ಬಾಗಿಲು ತೆಗೆಯುತ್ತಿದ್ದಾನೆ ಅಂದುಕೊಂಡೆ. ಸೋಫಾದ ಮೇಲಿದ್ದ ನಿರ್ದೇಶಕರ ಕನ್ನಡಕವನ್ನು ಹೋಗುತ್ತಾ ಎತ್ತಿಕೊಂಡು ನನ್ನ ಮೂಗಿಗೆ ಏರಿಸಿ, ನಿಲ್ಲದೆ ಅಡುಗೆಮನೆ ಬಾಗಿಲವರೆಗೆ ಹೋಗಿಬಿಟ್ಟೆ. ಹಿಂದಿನಿಂದ ನಗು ಕೇಳಿತು. ಮೊದಲು ನಕ್ಕ ನಗು ಅಲ್ಲ, ಬೇರೆ.

ಮೊನ್ನೆ ಗುರುವಾರ ಫೋನ್ ಬಂತು. ಕಳ್ಳ ನಾನೇ. ದೇವನಾಗರಿಯ ಹುಡುಗ ರಾಜಕುಮಾರ. ಅವನಿಗೆ ಕನ್ನಡ ಅಕ್ಷರ ಕಲಿಸುವ ಕೆಲಸವೂ ನನಗೇ ಅಂಟಿದೆ.

ಓದಿನ ಚಿಂತೆ ಬೇಡ. ಭಾನುವಾರ ಮಧ್ಯಾಹ್ನ ಮಾತ್ರ ಪ್ರಾಕ್ಟೀಸು. ಜಿಟಿಬಿ ನಗರದಲ್ಲಿ ಮೆಟ್ರೋ ಹತ್ತಿ ಹೌಜ್ ಖಾಸ್‌ನಲ್ಲಿ ಬದಲಾಯಿಸುತ್ತೇನೆ, ಹೋಗುತ್ತಾ ಬರುತ್ತಾ ಪಂಪನನ್ನು ಓದುತ್ತೇನೆ. ಐಚ್ಛಿಕ ವಿಷಯಕ್ಕೆ ವಿಕ್ರಮಾರ್ಜುನ ವಿಜಯ ಇದೆ. ಅದರಲ್ಲಿ ದುರ್ಯೋಧನ ಬಂದಾಗಲೆಲ್ಲ ನಿನ್ನ ಮುಖವೇ. ಸಂದರ್ಶನಕ್ಕೆ 275 ಅಂಕ ಇದೆ. ಅಲ್ಲಿಯವರೆಗೆ ಹೋಗುತ್ತೇನೋ ಇಲ್ಲವೋ. ಹೋದರೆ ಕುರ್ಚಿಯಲ್ಲಿ ಪೂರ್ತಿ ಕೂರುತ್ತೇನೆ.

ಈಗ ಕಾಗದದ ಅಸಲು ವಿಷಯ. ನನಗೆ ಮೀಸೆ ಬೇಕು.

ಇಲ್ಲಿ ಬಾಡಿಗೆಗೆ ಸಿಗುವುದು ರಾಮಲೀಲಾದವರ ಮೀಸೆ, ಅಂಟಿಸಿದರೆ ಪೊರಕೆ ಕಟ್ಟಿದ ಹಾಗೆ ಕಾಣುತ್ತದೆ. ನಮ್ಮ ಮನೆಯಲ್ಲಿ ಒಂದಿದೆ. ನಾಟಕದ ಮಾರನೇ ದಿನ ಸೀನರಿಯವರು ಸಾಮಾನು ಎಣಿಸುವಾಗ ಕಿರೀಟ, ಭುಜಕೀರ್ತಿ, ಗದೆ ಎಲ್ಲ ಸರಿಯಿತ್ತು, ದುರ್ಯೋಧನನ ಮೀಸೆ ಮಾತ್ರ ಇರಲಿಲ್ಲ. ಗದಾಯುದ್ಧದಲ್ಲಿ ಬೆವರಿಗೆ ಬಿದ್ದುಹೋಯಿತು ಅಂತ ನೀನು ಹೇಳಿದೆ. ಅವರು ನಂಬಿದರು. ನಾನು ಅದನ್ನು ಕ್ಯುಟಿಕುರ ಪೌಡರಿನ ಹಳೇ ಡಬ್ಬಿಯಲ್ಲಿ, ಟ್ರಂಕಿನ ತಳದಲ್ಲಿ ನೋಡಿದ್ದೇನೆ. ಇಷ್ಟು ವರ್ಷ ಬಾಯಿ ಬಿಟ್ಟಿಲ್ಲ. ಈಗ ಅದನ್ನು ಸ್ಪೀಡ್ ಪೋಸ್ಟ್ ಮಾಡು. ಪಿನ್‌ಕೋಡ್ 110009, ಸರಿಯಾಗಿ ಬರೆ.

ಅವ್ವನಿಗೆ ಹೇಗೆ ಗೊತ್ತಾಗದ ಹಾಗೆ ತೆಗೆಯುವುದು ಅಂತ ಯೋಚಿಸಬೇಡ. ದೀಪಾವಳಿಗೆ ಬಂದಿದ್ದಾಗ ನಾನು ಆ ಡಬ್ಬಿ ತೆಗೆದು ನೋಡಿದೆ. ಒಳಗೆ ಎರಡು ನುಸಿಗುಳಿಗೆ ಇದ್ದವು. ಇನ್ನೂ ಕರಗಿರಲಿಲ್ಲ, ಹೊಸವು. ನೀನು ಜನ್ಮದಲ್ಲಿ ನುಸಿಗುಳಿಗೆ ಕೊಂಡವನಲ್ಲ.

ನಿನ್ನ ಮಗಳು